ದೊಡ್ಡಪ್ಪನ ತಾರೀಖಿನಲ್ಲಿ ಹುಟ್ಟಿದವರು

ಬೆಳಿಗ್ಗೆ ಸೊಸೆ ರೇಡಿಯೋ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು. ಅದರೊಳಗಿನ ಹುಡುಗಿಗೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿರಲಿಲ್ಲ. "ಇವತ್ತು ಎಂಥಾ ದಿನ ಗೊತ್ತಾ ಫ್ರೆಂಡ್ಸ್?" ಎಂದು ಶುರು ಮಾಡಿ, ಇದೇ ತಾರೀಖಿಗೆ ಹುಟ್ಟಿದ ಸಂಗೀತಗಾರರ ಹೆಸರುಗಳನ್ನು ಒಂದಾದ ಮೇಲೊಂದು ಓದಿದಳು. ಯಾವುದೋ ಕಾಲದ ಪಿಯಾನೋ ನುಡಿಸುವವರು, ಒಬ್ಬ ಪಿಟೀಲು ವಿದ್ವಾಂಸರು, ಗಿಟಾರು ಹಿಡಿದು ಕುಣಿಯುವವನೊಬ್ಬ. ನಾನು ಕಾಫಿ ಲೋಟ ಕುಕ್ಕಿ, "ಆರಿಸಮ್ಮ ಅದನ್ನ" ಎಂದೆ.

"ಯಾಕತ್ತೆ? ನಿಮ್ ಬರ್ತ್‌ಡೇನೂ ಇವತ್ತೇ ಅಲ್ವಾ? ನಿಮ್ ಹೆಸರೂ ಸೇರಿಸ್ಬೋದಿತ್ತು" ಎಂದು ಸೊಸೆ ನಕ್ಕಳು.

ಅವಳಿಗೇನು ಗೊತ್ತು, ಅಂಥದೇ ಒಂದು ಪಟ್ಟಿಯಲ್ಲಿ ನನ್ನ ಹೆಸರು ಹತ್ತು ವರ್ಷ ಇತ್ತು ಅಂತ. ತಾರೀಖು ಯಾವುದೆಂದು ನಿಮಗೂ ಹೇಳುವುದಿಲ್ಲ. ಹೇಳಿದರೆ ನೀವೂ ಹುಡುಕುತ್ತ ಕೂರುತ್ತೀರಿ. ಹಾಗೆ ಹುಡುಕುತ್ತ ಕೂತ ಒಬ್ಬರನ್ನು ಸಹಿಸಿಕೊಂಡದ್ದೇ ನನಗೆ ಈ ಜನ್ಮಕ್ಕೆ ಸಾಕಾಗಿದೆ.

ಅವರು ನಮ್ಮ ದೊಡ್ಡಪ್ಪ. ತುಮಕೂರಿನ ಹೊರಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿ ಅಂದರೆ ಎರಡು ಆಳು ಅಗಲದ ಗೂಡು; ಒಳಗೆ ಹೊಟ್ಟೆ ಬಗೆದ ರೇಡಿಯೋಗಳು, ಸುಟ್ಟ ವಾಲ್ವು, ಸೀಸ ಕರಗುವ ವಾಸನೆ. ಜನ ಕೊಟ್ಟ ರೇಡಿಯೋ ಬೇಗ ವಾಪಸ್ ಸಿಗುತ್ತಿರಲಿಲ್ಲ. ರಿಪೇರಿ ತಡವಾಗಿಯಲ್ಲ, ರಿಪೇರಿಯಾದ ಮೇಲೆ ದೊಡ್ಡಪ್ಪ ಅದರಲ್ಲಿ ಒಂದು ವಾರ ಹಾಡು ಕೇಳುತ್ತಿದ್ದರು. "ಟೆಸ್ಟಿಂಗ್ ನಡೀತಾ ಇದೆ ಸ್ವಾಮಿ" ಅನ್ನುತ್ತಿದ್ದರು.

ಹೀಗೆ ಟೆಸ್ಟಿಂಗ್ ಮಾಡುತ್ತಿದ್ದಾಗ ಒಂದು ದಿನ, ಮದರಾಸಿನ ಕಡೆಯ ಒಬ್ಬ ದೊಡ್ಡ ಗಾಯಕರು ತಾವು ಹುಟ್ಟಿದ ತಾರೀಖಿಗೇ ಹುಟ್ಟಿದವರೆಂದು ದೊಡ್ಡಪ್ಪ ರೇಡಿಯೋದಲ್ಲಿ ಕೇಳಿಬಿಟ್ಟರು. ಅಲ್ಲಿಂದ ಶುರುವಾಯಿತು. ಮುಂದಿನ ವರ್ಷ ಉತ್ತರದ ಶಹನಾಯಿಯವರೊಬ್ಬರು ಸಿಕ್ಕರು. ಆಮೇಲೆ ಲೈಬ್ರರಿಯ ಪುಸ್ತಕದಲ್ಲಿ ಪರದೇಶದ ಒಬ್ಬ; ಅವನ ಹೆಸರನ್ನು ದೊಡ್ಡಪ್ಪ ಹೇಳಿದಾಗಲೆಲ್ಲ ಬೇರೆ ಬೇರೆ ಥರ ಹೇಳುತ್ತಿದ್ದರು. ಕ್ಯಾಲೆಂಡರಿನ ಹಿಂಬದಿಗೆ ಎಲ್ಲರನ್ನೂ ಬರೆದು ಅಂಗಡಿಯ ಗೋಡೆಗೆ ಅಂಟಿಸಿದರು. ಕೊನೆಗೆ ತಮ್ಮ ಹೆಸರು. ದೊಡ್ಡಪ್ಪನಿಗೆ ಹಾಡಲು ಬರುತ್ತಿರಲಿಲ್ಲ, ನುಡಿಸಲು ಬರುತ್ತಿರಲಿಲ್ಲ. "ನಾನು ಕೇಳೋ ಸಂಗೀತಗಾರ" ಅನ್ನುತ್ತಿದ್ದರು. ಅದರ ಕೆಳಗೆ ನನ್ನ ಹೆಸರು.

ಏಕೆಂದರೆ ನಾನೂ ಅದೇ ತಾರೀಖು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಮ್ಮಪ್ಪ ಕೆಲಸದ ಮೇಲೆ ಸದಾ ಊರೂರು ಸುತ್ತುತ್ತಿದ್ದರು. ಹೀಗಾಗಿ ನಾನು ದೊಡ್ಡಪ್ಪನ ಕೈಗೆ ಸಿಕ್ಕಿದೆ. "ಇವಳ ಗಂಟಲಲ್ಲಿ ಏನೋ ಅದೆ, ತಾರೀಖೇ ಹೇಳ್ತದೆ" ಎಂದು ನನ್ನನ್ನು ಆರನೇ ವರ್ಷಕ್ಕೇ ಪಕ್ಕದ ಬೀದಿಯ ಸಂಗೀತದ ಟೀಚರ ಮನೆಗೆ ನೂಕಿದರು. ನನ್ನ ಗಂಟಲಲ್ಲಿ ಇದ್ದದ್ದು ವರ್ಷಪೂರ್ತಿ ಕಟ್ಟಿದ ಕಫ. ಎಂಟು ವರ್ಷ ಸರಳೆ ವರಸೆ ಹಾಡಿದೆ. ಜೊತೆಯ ಹುಡುಗಿಯರು ವರ್ಣ ಮುಗಿಸಿ ಕೀರ್ತನೆಗೆ ಹೋದರು, ಮದುವೆಯಾಗಿ ಹೋದರು, ನಾನು ಸ ರಿ ಗ ಮದಲ್ಲೇ ಇದ್ದೆ. ಟೀಚರ್ ಒಮ್ಮೆ ಅಮ್ಮನನ್ನು ಕರೆದು, "ಕೈಗೆ ತಾಳ ಚೆನ್ನಾಗಿ ಬರ್ತದೆ ಕಣ್ರೀ. ಬಾಯಿಗೆ ಮಾತ್ರ ಏನೂ ಬರಲ್ಲ" ಎಂದರು. ದೊಡ್ಡಪ್ಪ ಕೇಳಿ, "ಮೊದ್ಲು ಕೈಗೆ ಬರ್ತದೆ, ಆಮೇಲೆ ಮೇಲಕ್ಕೆ ಏರ್ತದೆ" ಎಂದರು. ಜ್ವರದ ಹಾಗೆ!

ನನ್ನ ಹುಟ್ಟುಹಬ್ಬ ನನ್ನದಾಗಿರಲಿಲ್ಲ ಎನ್ನುವುದು ಇನ್ನೊಂದು ಸಂಕಟ. ಬೇರೆ ಮಕ್ಕಳು ಚಾಕ್ಲೇಟು ಹಂಚುವಾಗ ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು, ಸತ್ತುಹೋದ ವಿದ್ವಾಂಸರ ಹೆಸರುಗಳಿಗೆಲ್ಲ ಊದಿನಕಡ್ಡಿ ಹಚ್ಚಬೇಕಿತ್ತು.

ನನಗೆ ಹದಿನಾರು ತುಂಬುವ ವರ್ಷ, ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು, ದೊಡ್ಡಪ್ಪನ ತಲೆಗೆ ಹೊಸ ಹುಳ ಹೊಕ್ಕಿತು. ಇದೇ ತಾರೀಖಿನವರು ನಮ್ಮ ಸುತ್ತಮುತ್ತಲೇ ಇಬ್ಬರಿದ್ದಾರೆಂದು ಪತ್ತೆ ಮಾಡಿದ್ದರು. ಗುಬ್ಬಿಯಲ್ಲಿ ನಾಟಕದ ಹಾರ್ಮೋನಿಯಂ ಮೇಷ್ಟ್ರು ಚೆನ್ನಬಸಪ್ಪ, ಎಪ್ಪತ್ತು ವರ್ಷ. ಕುಣಿಗಲ್ಲಿನಲ್ಲಿ ಮದುವೆ ಬ್ಯಾಂಡಿನ ಕ್ಲಾರಿಯೋನೆಟ್ಟು ಅನ್ವರ್, ಮೂವತ್ತು ವರ್ಷ. "ರಂಗಗೀತೆ, ಬ್ಯಾಂಡು, ಶಾಸ್ತ್ರೀಯ. ಮೂರು ಕಾಲ, ಮೂರು ದಾರಿ, ಒಂದೇ ದಿನ!" ಎಂದು ದೊಡ್ಡಪ್ಪ ಚಪ್ಪಾಳೆ ತಟ್ಟಿದರು. ಶಾಸ್ತ್ರೀಯ ಅಂದರೆ ನಾನು. ಮೂವರ ಸಂಗೀತ ಕಚೇರಿಗೆಂದು ಒಂದು ಸ್ಕೂಲಿನ ಹಾಲ್ ಕೇಳಿ ಗೊತ್ತು ಮಾಡಿಯೇ ಬಿಟ್ಟರು. ಆಹ್ವಾನ ಕೊಡಲು ನನ್ನನ್ನೂ ಎಳೆದುಕೊಂಡು ಹೊರಟರು.

ಗುಬ್ಬಿಯಲ್ಲಿ ಚೆನ್ನಬಸಪ್ಪನವರು ಜಗಲಿಯ ಮೇಲೆ ಕೂತು ಕೊಬ್ಬರಿ ಚೂರು ಜಗಿಯುತ್ತಿದ್ದರು. ದೊಡ್ಡಪ್ಪ ಎಲೆ ಅಡಿಕೆ ತರಲು ಅಂಗಡಿಗೆ ಹೋದಾಗ ನಾನು ಸುಮ್ಮನಿರಲಾರದೆ ಕೇಳಿದೆ: "ತಾತ, ನಿಜವಾಗ್ಲೂ ನೀವು ಅವತ್ತೇ ಹುಟ್ಟಿದ್ದಾ?"

"ಯಾವನಿಗೆ ಗೊತ್ತವ್ವ? ಹುರುಳಿ ಕೀಳೋ ಟೈಮು ಅಂತ ನಮ್ಮವ್ವ ಯೋಳೋಳು. ನಿಮ್ ದೊಡ್ಡಪ್ಪ ಬಂದು, ಈ ತಾರೀಖು ಆಗ್ಬೋದಾ ಅಂದ. ಆಗ್ಲಿ ಬುಡಪ್ಪ ಅಂದೆ. ಪಾಪ, ಅಷ್ಟು ದೂರದಿಂದ ಬಂದವ್ನೆ."

ಮರುವಾರ ಹೆಬ್ಬೂರು ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಕುಣಿಗಲ್ಲಿಗೆ ಹೋದೆವು. ಅನ್ವರಣ್ಣ ಬ್ಯಾಂಡಿನ ಕೆಂಪು ಕೋಟಿಗೆ ಗುಂಡಿ ಹೊಲಿಯುತ್ತ ಕೂತಿದ್ದ. ಅವನ ತಾರೀಖಿಗೆ ಸ್ಕೂಲಿನ ಸರ್ಟಿಫಿಕೇಟೇ ಇತ್ತು. ದೊಡ್ಡಪ್ಪ ಅದನ್ನು ಕಣ್ಣಿಗೊತ್ತಿಕೊಂಡರು. ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ಅನ್ವರಣ್ಣ ನನ್ನ ಕಿವಿಯ ಹತ್ತಿರ, "ಅದು ಹೆಡ್‌ಮಾಸ್ಟ್ರು ಬರ್ದಿದ್ದು ಕಣಮ್ಮ. ಅವತ್ತು ಸೇರಿದ ಅಷ್ಟೂ ಹುಡುಗ್ರಿಗೂ ಅದೇ ತಾರೀಖು. ಸಾರ್‌ಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ" ಎಂದ.

ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ನಗಲಿಲ್ಲ. ಹುಳಿಗೆ ಬೇಳೆ ಮಸೆಯುತ್ತಿದ್ದವಳು ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದಳು.

"ನಿಂದೂ ಅಷ್ಟೇ ಕಣೇ."

"ಏನು ಅಷ್ಟೇ?"

"ನೀನು ಹುಟ್ಟಿದ್ದು ಆ ತಿಂಗಳಲ್ಲೇ ಅಲ್ಲ. ಅಮಾಸೆ ಕಳ್ದು ಮೂರೋ ನಾಲ್ಕೋ ದಿನ. ತೇದಿ ಯಾರು ಬರ್ದಿಟ್ರು? ನಿನ್ನ ಸ್ಕೂಲಿಗೆ ಸೇರಿಸೋಕೆ ಬಾವ ಹೋಗಿದ್ರು. ಅವ್ರು ಕೊಟ್ಟಿದ್ದೇ ತಾರೀಖು."

ಎಂಟು ವರ್ಷದ ಸರಳೆ ವರಸೆ, ಅಷ್ಟೂ ಊದಿನಕಡ್ಡಿ ನನ್ನ ಕಣ್ಣ ಮುಂದೆ ಬಂದವು. ಅಂಗಡಿಗೆ ಓಡಿದೆ. ದೊಡ್ಡಪ್ಪ ಬಗ್ಗಿ ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದರು. "ಯಾಕೆ ಹಂಗೆ ಬರೆಸಿದ್ರಿ?" ಎಂದು ಕಿರುಚಿದೆ. ಅವರು ತಲೆ ಎತ್ತದೆ, "ಗುಮಾಸ್ತ ತಾರೀಖು ಕೇಳ್ದ. ನಂಗೆ ಬಾಯಿಗೆ ಬರ್ತಿದ್ದಿದ್ದು ಅದೊಂದೇ ತಾರೀಖು ಮಗಾ" ಎಂದರು. ಆಮೇಲೆ, "ಕಚೇರೀಲಿ ಹಾಡೋ ದೇವರನಾಮದ ಎರಡ್ನೇ ಚರಣ ಪ್ರಾಕ್ಟೀಸ್ ಮಾಡಿದೆಯಾ?" ಎಂದು ಕೇಳಿದರು. ಇಂಥವರ ಹತ್ತಿರ ಜಗಳವಾಡುವುದಾದರೂ ಹೇಗೆ, ನೀವೇ ಹೇಳಿ.

ಕಚೇರಿಯ ದಿನ ಹಾಲ್‌ನಲ್ಲಿ ನಲವತ್ತು ಐವತ್ತು ಜನ ಇದ್ದರು. ಅರ್ಧ ಜನ ತಮ್ಮ ರೇಡಿಯೋ ಯಾವಾಗ ಸಿಗುತ್ತದೆ ಎಂದು ಕೇಳಲು ಬಂದವರು. ದೊಡ್ಡಪ್ಪ ಇಸ್ತ್ರಿ ಹಾಕಿದ ಬಿಳಿ ಶರ್ಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಾರ್ಮೋನಿಯಂ ಒಂದು ಶ್ರುತಿ, ಕ್ಲಾರಿಯೋನೆಟ್ಟು ಇನ್ನೊಂದು ಶ್ರುತಿ. ಎರಡನ್ನೂ ಕೂಡಿಸಲು ಚೆನ್ನಬಸಪ್ಪನವರು ಅರ್ಧ ಗಂಟೆ ಒದ್ದಾಡಿದರು. ಆಮೇಲೆ ನನ್ನ ಸರದಿ. ಪಲ್ಲವಿ ಹೇಗೋ ಹೋಯಿತು. ಮೊದಲ ಚರಣದಲ್ಲಿ ದನಿ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಹಾಡು ನಿಲ್ಲಿಸಿದೆ.

ಮೈಕಿನ ಮುಂದೆ ಹೇಳಿಬಿಟ್ಟೆ. "ಇವತ್ತು ನನ್ನ ಹುಟ್ಟುಹಬ್ಬ ಅಲ್ಲ. ನಂಗೆ ಸಂಗೀತಾನೂ ಬರಲ್ಲ. ಎಲ್ಲಾ ದೊಡ್ಡಪ್ಪ ಹುಟ್ಟಿಸಿದ್ದು."

ದೊಡ್ಡಪ್ಪ ಕೂತಲ್ಲೇ ಕೂತಿದ್ದರು. ಶರ್ಟಿನ ತೋಳನ್ನು ಮಾತ್ರ ಎಳೆದು ಎಳೆದು ಸರಿ ಮಾಡಿಕೊಳ್ಳುತ್ತಿದ್ದರು. ಆಗ ಚೆನ್ನಬಸಪ್ಪನವರು ತಿದಿ ಒತ್ತುವುದನ್ನು ಬಿಡದೆಯೇ, "ನಂದೂ ಅಲ್ಲ ಬುಡವ್ವ. ಅದ್ಕೇನೀಗ? ಹಾಡು" ಎಂದರು. ಅನ್ವರಣ್ಣ ಕ್ಲಾರಿಯೋನೆಟ್ಟನ್ನು ಬಾಯಿಂದ ತೆಗೆದು, "ನಂದೂ ಗ್ಯಾರಂಟಿ ಇಲ್ಲಾ ಸಾರ್, ಮಾಫ್ ಮಾಡಿ" ಎಂದ. ಜನ ಗೊಳ್ಳೆಂದು ನಕ್ಕರು. ಅವರಿಬ್ಬರು ಆ ನಗುವಿನ ಮೇಲೆಯೇ ಒಂದು ಹಳೆಯ ನಾಟಕದ ಮಟ್ಟು ಎತ್ತಿಕೊಂಡರು. ಶ್ರುತಿ ಅದು ಹೇಗೋ ಕೂಡಿತು. ಜನ ಚಪ್ಪಾಳೆ ಹೊಡೆದರು. ನಾನು ಮಾತ್ರ ವೇದಿಕೆ ಇಳಿದು ಮನೆಗೆ ನಡೆದೆ.

ಮಾರನೆಯ ದಿನ ದೊಡ್ಡಪ್ಪ ಮನೆ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ನಿನ್ನ ಹೆಸ್ರು ತೆಗೆದಿದೀನಿ ಮಗಾ. ಇನ್ನು ತೊಂದ್ರೆ ಇಲ್ಲ" ಎಂದು ಹೇಳಿ ಹೋದರು. ನನಗೆ ಬೇಕಾದ್ದೇ ಅದು. ಆದರೂ ಅವತ್ತು ಊಟ ಸೇರಲಿಲ್ಲ. ಬೈಯಬೇಕಿತ್ತು ಅವರು, ಬೈದಿದ್ದರೆ ನಾನೂ ತಿರುಗಿ ನಾಲ್ಕು ಅಂದು ಹಗುರಾಗುತ್ತಿದ್ದೆ. ಬೈಯದೆ ಹೋದವರ ಮೇಲೆ ಸಿಟ್ಟು ಆರು ವರ್ಷ ಹಾಗೇ ಉಳಿಯಿತು. ಎದುರಾದರೆ "ಚೆನ್ನಾಗಿದೀಯಾ?" "ಹೂಂ." ಅಷ್ಟೇ ಮಾತು.

ನನಗೆ ಹಾಗಲವಾಡಿಯ ಕಡೆ ಒಂದು ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಮೊದಲ ವರ್ಷವೇ ದಾಖಲಾತಿ ನನ್ನ ತಲೆಗೆ ಕಟ್ಟಿದರು. ಮಕ್ಕಳನ್ನು ಕರೆತಂದ ತಾಯಂದಿರಲ್ಲಿ ಒಬ್ಬಳಿಗೂ ತಾರೀಖು ಗೊತ್ತಿಲ್ಲ! ನಾನು ಬಿಡುವವಳಲ್ಲ; ನನಗಾದ ಅನ್ಯಾಯ ಯಾವ ಮಗುವಿಗೂ ಆಗಬಾರದು. ಯಾವ ಹಬ್ಬದ ಹಿಂದೆ, ಯಾವ ಬೆಳೆಯ ಮುಂದೆ, ಹುಣ್ಣಿಮೆಯೋ ಅಮಾವಾಸ್ಯೆಯೋ ಎಂದು ಪೊಲೀಸಿನವರಂತೆ ವಿಚಾರಿಸಿ, ಹಳೆಯ ಪಂಚಾಂಗ ತಿರುವಿ ಬರೆದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು. ಆಗ ಒಬ್ಬಳು ಮೂಗು ಸೋರುವ ಮಗಳನ್ನು ಎಳೆದುಕೊಂಡು ಬಂದಳು.

"ಯಾವಾಗ ಹುಟ್ಟಿದ್ದಮ್ಮ?"

"ರಾಗಿ ಕುಯ್ತಿದ್ದೊ."

"ಕುಯ್ಲು ಒಂದು ತಿಂಗಳು ನಡೆಯುತ್ತೆ. ಮೊದಲಿಗೋ ಕೊನೆಗೋ?"

"ಯಾವ್ದಾರ ಒಂದು ಬರ್ಕಳಿ ಮೇಡಮ್ಮ. ಎಮ್ಮೆ ಕಟ್ಟಾಕಿಲ್ಲ, ಓಗ್ಬೇಕು ನಾನು."

ಪೆನ್ನು ಕೈಯಲ್ಲಿತ್ತು, ಸಾಲು ಬಾಗಿಲಾಚೆ ಬೆಳೆದಿತ್ತು. ಬರೆದೆ. ಬರೆದ ಮೇಲೆ ನೋಡುತ್ತೇನೆ, ನಾನು ಬರೆದದ್ದು ದೊಡ್ಡಪ್ಪನ ತಾರೀಖು. ಆ ಹೊತ್ತಿಗೆ ನನ್ನ ಕೈಗೆ ಬಂದದ್ದೂ ಅದೊಂದೇ. ಹೊಡೆದುಹಾಕಲು ಹೋದರೆ ಆ ತಾಯಿ ಆಗಲೇ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಹೊರಟುಹೋಗಿದ್ದಳು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಉಳಿದ ಸಾಲಿನವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿಬಿಟ್ಟೆ.

ಆ ವರ್ಷ ದೊಡ್ಡಪ್ಪನ ತಾರೀಖಿಗೆ ರಜ ಹಾಕಿ ತುಮಕೂರಿಗೆ ಹೋದೆ. ಮಧ್ಯಾಹ್ನ ಹೊರಪೇಟೆ ತಿರುವಿನಲ್ಲೇ ಹಾರ್ಮೋನಿಯಂ ಕೇಳಿಸಿತು. ಅಂಗಡಿಯೊಳಗೆ ಮೂವರೂ ಇದ್ದರು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಆ ಕಚೇರಿಯ ಮರುವರ್ಷದಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲವಂತೆ. ಚೆನ್ನಬಸಪ್ಪನವರಿಗೆ ಆಗಲೇ ಕಣ್ಣು ಮಂಜಾಗಿತ್ತು; ಗುಬ್ಬಿಯಿಂದ ಮೊಮ್ಮಗನ ಕೈ ಹಿಡಿದು ಬರುತ್ತಿದ್ದರು.

"ನಿಮ್ಮ ದಿನ ಅಲ್ಲ ಅಂತ ಗೊತ್ತಿದ್ದೂ ಯಾಕೆ ತಾತ ಇಷ್ಟು ಕಷ್ಟಪಟ್ಟು ಬರ್ತೀರ?" ಎಂದೆ.

"ಎಪ್ಪತ್ತು ವರ್ಸ ನಂಗೆ ಉಟ್ಟಿದ ದಿನ ಅನ್ನೋದೇ ಇರ್ಲಿಲ್ಲ ಕಣವ್ವ. ಯಾರೂ ಕೇಳ್ನೂ ಇಲ್ಲ. ಈಯಪ್ಪ ಉಡುಕ್ಕಂಡ್ ಬಂದು ಒಂದು ಕೊಟ್ಟ. ಬ್ಯಾಡ ಅನ್ನಕಾಯ್ತದಾ?"

ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ಸ್ಟೂಲಿನ ಮೇಲಿದ್ದ ರೇಡಿಯೋ ಎತ್ತಿ ಕೆಳಗಿಟ್ಟು, ಅದರ ಧೂಳನ್ನು ಶರ್ಟಿನ ತೋಳಲ್ಲೇ ಒರೆಸಿ, "ಕೂತ್ಕೊ. ಹಾಡು ಅನ್ನಲ್ಲ" ಎಂದರು. ನಾನು ಕೂತು ತೊಡೆಯ ಮೇಲೆ ತಾಳ ಹಾಕಿದೆ. ಅದೊಂದು ಬರುತ್ತಿತ್ತಲ್ಲ. ಮುಂದೆ ಅವರಿರುವಷ್ಟು ವರ್ಷ ನಾನೂ ಹೋದೆ. ಹೋದಾಗಲೆಲ್ಲ ಹೊಸ ಹೊಸ ಹೆಸರು ತೋರಿಸಿ ಪ್ರಾಣ ತಿಂದರು, ಆ ಮಾತು ಬೇರೆ.

ಈಗ ದೊಡ್ಡಪ್ಪ ಇಲ್ಲ, ಚೆನ್ನಬಸಪ್ಪನವರು ಇಲ್ಲ. ಇವತ್ತು ಸೊಸೆಯ ಮೇಲೆ ಸಿಡುಕಿದ್ದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಹತ್ತು ಗಂಟೆಗೆ, "ಬಾರಮ್ಮ, ಒಬ್ಬರ ಮನೆಗೆ ಹೋಗಿಬರೋಣ" ಎಂದು ಅವಳನ್ನೂ ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಅನ್ವರಣ್ಣನಿಗೆ ಹಲ್ಲೆಲ್ಲ ಬಿದ್ದಿವೆ. ಕ್ಲಾರಿಯೋನೆಟ್ಟು ಊದಿ ಎಷ್ಟೋ ವರ್ಷವಾಯಿತು. ಅವನ ಮಗಳು ಶ್ಯಾವಿಗೆ ಪಾಯಸ ಮಾಡಿದ್ದಳು. ಸೊಸೆಗೆ ಇಡೀ ಕಥೆಯನ್ನು ಅವನೇ ಹೇಳಿದ, ನಾನು ಮೈಕಿನ ಮುಂದೆ ಕಿರುಚಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಅವನು ನನ್ನ ಕಡೆ ತಿರುಗಿದ.

"ಅಲ್ಲಾ ಮೇಡಂ, ಇಷ್ಟು ವರ್ಷ ಕೇಳ್ಲೇ ಇಲ್ಲ ನೋಡಿ. ನಿಮ್ದು ಅಸಲಿ ಹುಟ್ಟುಹಬ್ಬ ಯಾವತ್ತು?"

ನಾನು ಬಾಯಿ ತೆರೆದೆ. ಅಮಾವಾಸ್ಯೆ ಕಳೆದು ಮೂರೋ ನಾಲ್ಕೋ ದಿನ. ಯಾವ ತಿಂಗಳ ಅಮಾವಾಸ್ಯೆ? ಊರ ಮಕ್ಕಳಿಗೆಲ್ಲ ಪಂಚಾಂಗ ತಿರುವಿದವಳು ನನ್ನದನ್ನು ಒಮ್ಮೆಯೂ ತಿರುವಿರಲಿಲ್ಲ. ಹೇಳಬೇಕಾಗಿದ್ದ ಅಮ್ಮನೂ ಈಗ ಇಲ್ಲ.

"ಗೊತ್ತಿಲ್ಲ ಅನ್ವರಣ್ಣ" ಎಂದೆ.

"ಹಂಗಾದ್ರೆ ಇವತ್ತೇ" ಎಂದು ಅವನು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಬಡಿಸಿದ.