ತೆಂಗಿನ ಸುಳಿ

ನಮ್ಮೂರ ಕೆರೆಯ ತೂಬು ಕಾಯುವ ನೀರುಗಂಟಿ ಯಾರು ಏನೇ ವಾದಿಸಿದರೂ ಹೆಗಲ ಗುದ್ದಲಿ ಇಳಿಸದೆ, “ಮಾತು ಬುಡು, ಕೆಲ್ಸ ಹಿಡಿ” ಎನ್ನುತ್ತಿದ್ದರು.

ಕೆರೆಗೆ ನೀರು ತರುವ ಹಳ್ಳದೊಳಗೇ ನಾವೆಲ್ಲ ತೆಂಗು ನೆಟ್ಟು ಕೆರೆಯನ್ನು ಒಣಗಿಸಿದ್ದೆವು. ಹಳ್ಳ ತೆರವಾಗಬೇಕೆಂದು ಸಭೆಯಲ್ಲಿ ಎಲ್ಲರೂ ಒಪ್ಪಿದೆವು. ಫಲ ಬಿಡುವ ಮರ ಕಡಿಯಲು ಮಾತ್ರ ಯಾರಿಗೂ ಕೈ ಬರಲಿಲ್ಲ. ಮರುದಿನ ನೀರುಗಂಟಿ ಹಳ್ಳದಲ್ಲಿದ್ದ ತಮ್ಮ ಮರಗಳನ್ನು ಉರುಳಿಸಿದರು. ಮರ ಕಡಿದಾಗಷ್ಟೇ ಸಿಗುವ ಬಿಳಿ ಸುಳಿಯನ್ನು ಹೆಚ್ಚಿ ತಟ್ಟೆಯಲ್ಲಿಟ್ಟು ಮನೆಮನೆಗೆ ಹಂಚಿದರು. ನನ್ನ ಪಾಲನ್ನು ನಾನು ತಿನ್ನದೆ ಮುಚ್ಚಿಟ್ಟೆ.

ಎಂಟು ದಿನ ತಡೆದು ನಾನೂ ಕೊಡಲಿ ಹಾಕಿದೆ. ನನ್ನ ಮರದ ಸುಳಿಯನ್ನು ಅವರಿಗೆ ಒಯ್ದುಕೊಟ್ಟಾಗ ನಿಧಾನವಾಗಿ ಅಗಿದು, “ನಿಂದು ನಮ್ದಕ್ಕಿಂತ ಸೀಯಾಗೈತೆ ಕಣಪ್ಪ” ಎಂದರು. ಉಳಿದದ್ದನ್ನು ಹಿಡಿದು, ಇನ್ನೂ ಮರ ಕಡಿಯದ ಪಕ್ಕದ ತೋಟದವನ ಮನೆಯತ್ತ ನಡೆದರು.