ಇಂದಿರಕ್ಕನ ಅಂಗಡಿಯ ಎರಡು ಬೆಲೆ

ಇಂದಿರಕ್ಕನವರ ಅಂಗಡಿಗಿಂತ ಮೊದಲು ಅವರ ದನಿ ಸಿಗುತ್ತಿತ್ತು. ರಾಣೆಬೆನ್ನೂರಿನ ಬಸ್ ನಿಲ್ದಾಣದಿಂದ ಹೊರಬಿದ್ದು, ಹಣ್ಣಿನ ಗಾಡಿಗಳನ್ನು ದಾಟಿ ಎಡಕ್ಕೆ ಹೊರಳುವ ಹೊತ್ತಿಗೇ "ಅದು ನಿಮಗ ಆಗಂಗಿಲ್ರಿ, ಇಡ್ರಿ ಕೆಳಗ" ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಹೊಸ ಗಿರಾಕಿಗಳು ಒಳಗೆ ಜಗಳ ನಡೆದಿದೆ ಎಂದುಕೊಂಡು ಹೊರಗೇ ನಿಲ್ಲುತ್ತಿದ್ದರು. ಅಂಗಡಿ ನಡೆಯುತ್ತಿದ್ದದ್ದೇ ಆ ದನಿಯ ಮೇಲೆ. ಅದು ಹೋದ ಮೇಲೆ ಏನಾಯಿತು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡಿದ್ದಷ್ಟನ್ನೇ ಬರೆಯುತ್ತೇನೆ.

ಅದು ಫೋಟೊದವರಿಗೆ ಬೇಕಾದ ಸಾಮಾನಿನ ಅಂಗಡಿ. ಬ್ಯಾಟರಿ, ಚಾರ್ಜರ್, ಆಲ್ಬಮ್, ಲೈಟಿನ ಸ್ಟ್ಯಾಂಡು, ಎಲ್ಲಕ್ಕಿಂತ ಹೆಚ್ಚಾಗಿ ಮೆಮೊರಿ ಕಾರ್ಡು. ಹಿಂದಿನ ಕೋಣೆಯಲ್ಲಿ ಅವರ ಯಜಮಾನರು ಫೋಟೊಗಳಿಗೆ ಕಟ್ಟು ಹಾಕುತ್ತ ಕೂತಿರುತ್ತಿದ್ದರು. ಅವರ ಮಾತು ಕೇಳಿದವರು ಕಡಿಮೆ. ನಾನು ಬ್ಯಾಡಗಿಯಲ್ಲಿ ಮದುವೆ ವಿಡಿಯೊ ತೆಗೆಯುವವನು. ಕಾರ್ಡು ಬೇಕಾದಾಗಲೆಲ್ಲ ರಾಣೆಬೆನ್ನೂರಿಗೆ ಹೋಗುತ್ತಿದ್ದೆ.

ಮೊದಲ ಸಲ ಹೋದಾಗ ಎರಡು ಕಾರ್ಡು ಕೈಯಲ್ಲಿ ಹಿಡಿದು ಕೇಳಿದ್ದು ನೆನಪಿದೆ. ಎರಡರ ಮೇಲೂ ನೂರಿಪ್ಪತ್ತೆಂಟು ಜಿಬಿ ಎಂದಿತ್ತು. ಒಂದರ ಬೆಲೆ ಇನ್ನೊಂದರ ಹೆಚ್ಚುಕಡಿಮೆ ದುಪ್ಪಟ್ಟು.

"ಎರಡೂ ಒಂದ ಅಲ್ರಿ? ಇದಕ್ಯಾಕ ಇಷ್ಟು?"

ಇಂದಿರಕ್ಕ ಕನ್ನಡಕದ ಮೇಲಿಂದ ನೋಡಿದರು. "ಯಾ ಊರಪಾ ತಮ್ಮಾ?"

"ಬ್ಯಾಡಗಿ ರೀ."

"ಹಂಗಾದ್ರ ಲಗೂ ತಿಳೀತೈತಿ. ಎರಡ ಗೋಡೌನ್ ಅದಾವು ಅನ್ನು. ಎರಡಕ್ಕೂ ಅಷ್ಟ ಚೀಲ ಹಿಡೀತಾವು. ಒಂದರ ಬಾಗಲಾ ದೊಡ್ಡದು, ಇನ್ನೊಂದರ ಬಾಗಲಾ ಸಣ್ಣದು. ಮೆಣಸಿನಕಾಯಿ ಲಾರಿ ಒಂದರ ಹಿಂದ ಒಂದ ಬಂದು ನಿಂತ್ರ, ಸಣ್ಣ ಬಾಗಲದಾಗ ಹಮಾಲ್ರು ಏನ್ ಮಾಡ್ತಾರ? ಚೀಲ ಹೊತ್ಕೊಂಡು ಬಿಸಲಾಗ ನಿಂದರ್ತಾರ. ನಿನ್ನ ಕ್ಯಾಮೆರಾನೂ ಹಂಗ ನಿಂದರ್ತೈತಿ. ಒಳಗ ಜಾಗಾ ಭಾಳ ಐತಿ ಖರೇ, ಹೋಗಾಕ ದಾರಿ ಇಲ್ಲ."

ಬೆಲೆ ಹೇಳುವ ಮೊದಲು ಅವರದೊಂದು ಪ್ರಶ್ನೆ ಇರುತ್ತಿತ್ತು: "ಏನ್ ತಗೀತೀರಿ?" ಬರೀ ಫೋಟೊ ಎಂದವರಿಗೆ ಅಗ್ಗದ್ದನ್ನೇ ಕೊಡುತ್ತಿದ್ದರು. ವೇಗದ ಕಾರ್ಡು ಕೇಳಿದರೂ ಕೊಡುತ್ತಿರಲಿಲ್ಲ. "ಹೆಸರಿಡೋ ಬಾರಸಿಯಾಗ ಮಂದಿ ಫೋಟೊ ತಗಿಯಾಕ ಇದ್ಯಾಕ್ರಿ? ಕೂಸು ಎದ್ದು ಓಡ್ತೈತೇನು?" ಮದುವೆ ವಿಡಿಯೊ ಎಂದವರಿಗೆ ಅಗ್ಗದ್ದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಅತಿ ದೊಡ್ಡ ಕಾರ್ಡು ಕೇಳಿದವರಿಗೆ ನಡುವಿನ ಗಾತ್ರದವು ಎರಡು ಕೊಟ್ಟು, "ಒಂದು ಕೆಟ್ರ ಒಂದರ ಉಳೀತೈತಿ, ಸುಮ್ನ ತಗೋರಿ" ಎನ್ನುತ್ತಿದ್ದರು. ಅವರ ಹಟಕ್ಕೆ ಬೇಸತ್ತು ಎದುರಿನ ಮೊಬೈಲ್ ಅಂಗಡಿಗೆ ಹೋಗಿಬಿಟ್ಟವರನ್ನೂ ಕಂಡಿದ್ದೇನೆ. ಅಂಥವರ ಬೆನ್ನಿಗೂ ಒಂದು ಮಾತು ಹೋಗುತ್ತಿತ್ತು. "ಅಲ್ಲಿಯರ ಬರೀ ಗಾತ್ರಾ ನೋಡಿ ತಗೋಬ್ಯಾಡ್ರಿ!"

ಹಾಗೆ ಎದ್ದುಹೋದವರಲ್ಲಿ ಹಾವೇರಿಯ ಪ್ರಕಾಶ ಒಬ್ಬ, ನನ್ನ ಹಾಗೆಯೇ ಮದುವೆ ವಿಡಿಯೊದವನು. ಸ್ವಲ್ಪ ದಿನದ ಮೇಲೆ ಮುಖ ಬಾಡಿಸಿಕೊಂಡು ವಾಪಸು ಬಂದ. ಆಗ ನಾನು ಅಲ್ಲೇ ಇದ್ದೆ. ಬೇರೆ ಕಡೆ ಕೊಂಡ ಅಗ್ಗದ ಕಾರ್ಡಿನಲ್ಲಿ ಮದುವೆ ತೆಗೆದಿದ್ದ. ಬೆಳಗಿನಿಂದ ಎಲ್ಲ ಸರಿಯಾಗಿಯೇ ನಡೆದಿತ್ತಂತೆ. ವಧೂವರರ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಕ್ಯಾಮೆರಾ ತಾನಾಗಿ ನಿಂತಿತ್ತು. ಮತ್ತೆ ಶುರು ಮಾಡುವಷ್ಟರಲ್ಲಿ ಜನ ಊಟಕ್ಕೆ ಎದ್ದಿದ್ದರು.

"ಅಕ್ಕಾರ, ಅದ ಹೊತ್ತಿಗೆ ಯಾಕ ನಿಂತತ್ರಿ?"

"ಅದ ಹೊತ್ತಿಗೇ ನಿಂದರೋದು. ಅಲ್ಲೀತನಕ ಸ್ವಾಮಿಗೋಳು ಕುಂತು ಮಂತ್ರಾ ಹೇಳ್ತಿದ್ರು, ಏನೂ ಅಳ್ಳಾಡ್ತಿದ್ದಿಲ್ಲ. ಅಕ್ಕಿಕಾಳು ಬಿದ್ರ ಸಾವಿರ ಕಾಳು ಒಮ್ಮೆಲೆ ಹಾರ್ತಾವು, ಮಂದಿ ಎಲ್ಲಾ ಕೈ ಎತ್ತತಾರ. ಅಷ್ಟೂ ಬರಕೊಳ್ಳಾಕ ಆ ಕಾರ್ಡಿಗೆ ಎಲ್ಲಿ ಆಗಬೇಕು?"

ಇನ್ನು ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅವರು ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು, ನನ್ನ ಕಡೆ ತಿರುಗಿ, "ತಮ್ಮಾ, ಗಾಡಿ ತಗಿ, ಹಾವೇರಿಗೆ ಹೋಗೂಣು" ಎಂದರು. ಆ ಮದುವೆಯ ಹುಡುಗಿಯ ಮನೆಯಲ್ಲಿ ಪಡಸಾಲೆಯ ನಡುವೆ ಕೂತು, ಮದುವೆಗೆ ಬಂದ ಒಬ್ಬೊಬ್ಬರಿಗೂ ಫೋನ್ ಹಚ್ಚಿಸಿದರು. "ನೀವು ಮೊಬೈಲದಾಗ ತಗದಿದ್ರೇನು? ಹೆಂಗ ಇದ್ರೂ ನಡೀತೈತಿ, ಕಳಸ್ರಿ." ಯಾರದೋ ಬೆರಳು ಅಡ್ಡ ಬಂದದ್ದು, ಯಾರದೋ ಟೋಪಿಯ ಹಿಂದಿನಿಂದ ಕಂಡದ್ದು, ಎಲ್ಲವೂ ಬಂದವು. ಅವನ್ನು ಜೋಡಿಸಿ ಪ್ರಕಾಶ ವಿಡಿಯೊದಲ್ಲಿ ಅಕ್ಕಿಕಾಳು ಬೀಳಿಸಿದ. ಹುಡುಗಿಯ ತಂದೆ ಅದನ್ನು ನೋಡಿ ಕಣ್ಣೊರೆಸಿಕೊಂಡರು. ತಿರುಗಿ ಬರುವಾಗ ದಾರಿಯುದ್ದಕ್ಕೂ ಇಂದಿರಕ್ಕ ಕೆಮ್ಮುತ್ತಿದ್ದರು. ನಾನು ಧೂಳು ಎಂದುಕೊಂಡೆ.

ಅದು ಧೂಳಲ್ಲ. ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗಿನ ಗಡ್ಡೆ ದನಿಪೆಟ್ಟಿಗೆಗೆ ಹಬ್ಬಿದೆ ಎಂದರು. ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ದನಿ ಇರುವುದಿಲ್ಲ, ತೆಗೆಯದಿದ್ದರೆ ಅವರೇ ಇರುವುದಿಲ್ಲ. ಇದನ್ನು ನನಗೆ ಹೇಳಿದ್ದು ಅವರ ಯಜಮಾನರು. ಹೇಳಿ, ಕಟ್ಟು ಹಾಕುತ್ತಿದ್ದ ಕೈ ನಿಲ್ಲಿಸಿ, "ಇನ್ನ ಮನ್ಯಾಗ ನಾನ ಮಾತಾಡಬೇಕಾಗ್ತೈತಿ. ನನಗ ರೂಢಿ ಇಲ್ಲ" ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಆಪರೇಷನ್ನಿಗೆ ಹೋಗುವ ಮೊದಲು ಇಂದಿರಕ್ಕ ನನ್ನನ್ನು ಕ್ಯಾಮೆರಾ ಸಮೇತ ಕರೆಸಿದರು. ದನಿ ಆಗಲೇ ಒಡೆದಿತ್ತು. ಮನೆಯವರಿಗೆ ಏನಾದರೂ ಹೇಳಿಡುತ್ತಾರೆ ಎಂದುಕೊಂಡು ಹೋದೆ. ಅವರು ಅಂಗಡಿಯ ಮಾತುಗಳನ್ನೇ ಹೇಳಿದರು. "ಏನ್ ತಗೀತೀರಿ?" "ಎಷ್ಟ ತಾಸಿನ ಕೆಲಸಾ?" "ಅದು ಬ್ಯಾಡ, ಇದನ್ನ ತಗೋರಿ." "ಕ್ಯಾಮೆರಾ ಚಾಲೂ ಇದ್ದಾಗ ಕಾರ್ಡ್ ತಗೀಬ್ಯಾಡ್ರಿ." ಒಂದೊಂದನ್ನು ಎರಡೆರಡು ಬಾರಿ ಹೇಳಿ, ನಡುವೆ ನೀರು ಕುಡಿದರು.

"ಇವನ್ನ ನನ್ನ ಮೊಬೈಲಿಗೆ ಹಾಕಿಕೊಡು. ಗಿರಾಕಿ ಬಂದ್ರ ಒತ್ತತೇನಿ."

"ಯಜಮಾನ್ರಿಗೆ ಏನರ ಹೇಳ್ರಿ ಅಕ್ಕಾರ."

"ಅವರಿಗೆ ಇಷ್ಟ ವರ್ಷ ಹೇಳೇನಿ. ಒಂದು ಕೇಳ್ಯಾರೇನು ಕೇಳು."

ಹಿಂದಿನ ಕೋಣೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ಉಸಿರಿಗೆ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಮೆಣಸಿನಕಾಯಿಯ ಘಾಟು ತಡೆಯುವುದಿಲ್ಲವೆಂದು ಬ್ಯಾಡಗಿಯ ಕಡೆ ಅವರು ಬರುವಂತಿರಲಿಲ್ಲ. ಅಂಗಡಿಗೆ ಮಾತ್ರ ಬಂದು ಕೂತರು. ಮೊದಮೊದಲು ಮೊಬೈಲಿನ ಮಾತು ಕೇಳಿ ಗಿರಾಕಿಗಳು ನಕ್ಕರು, ಅವರೂ ಭುಜ ಕುಣಿಸಿ ನಕ್ಕರು. ಆದರೆ ಮಾತು ಹುಡುಕಿ ಒತ್ತುವುದರೊಳಗೆ ಗಿರಾಕಿ ಮುಂದಿನದನ್ನು ಕೇಳಿರುತ್ತಿದ್ದ. "ಯಾಕ ಬ್ಯಾಡ?" ಎಂದು ತಿರುಗಿ ಕೇಳಿದರೆ ಮೊಬೈಲಿನಲ್ಲಿ ಉತ್ತರವಿರಲಿಲ್ಲ. ತಿರುಗಿ ಕೇಳುವವರಿಗೆ ಉತ್ತರ ಕೊಡುವುದೇ ಅವರ ವ್ಯಾಪಾರವಾಗಿತ್ತು. ಕೆಲವು ತಿಂಗಳಲ್ಲಿ ಮೊಬೈಲು ಮೇಜಿನ ಮೇಲಿಂದ ಹೋಯಿತು. ಕಾರ್ಡುಗಳ ಮೇಲೆ ಬೆಲೆಯ ಚೀಟಿ ಅಂಟಿಸಿದರು. ಜನ ಚೀಟಿ ನೋಡಿ ಬೆರಳು ತೋರಿಸಿ ಒಯ್ಯತೊಡಗಿದರು.

ಕೊನೆಯ ಸಲ ನಾನು ಹೋದದ್ದು ಮಧ್ಯಾಹ್ನ. ಯಜಮಾನರು ಊಟ ತರಲು ಮನೆಗೆ ಹೋಗಿದ್ದರು. ಇಂದಿರಕ್ಕ ಬಹಳ ಇಳಿದುಹೋಗಿದ್ದರು, ಕುರ್ಚಿಯಲ್ಲಿ ಅರ್ಧ ಜಾಗ ಖಾಲಿ ಇತ್ತು. ಐರಣಿಯ ಒಬ್ಬ ಯುವಕ ಬಂದ. ತಂಗಿಯ ಮದುವೆ, ವಿಡಿಯೊ ತಾನೇ ತೆಗೆಯುತ್ತೇನೆ, ಗೆಳೆಯನ ಕ್ಯಾಮೆರಾ ಸಿಕ್ಕಿದೆ ಎಂದ. ಎರಡು ಚೀಟಿ ನೋಡಿ ಅಗ್ಗದ್ದನ್ನು ಎತ್ತಿಕೊಂಡ.

ಇಂದಿರಕ್ಕ ಬಾಯಿ ತೆರೆದರು. ಕುತ್ತಿಗೆಯ ಬಟ್ಟೆ ಅಲುಗಿತು, ಅಷ್ಟೆ. ಅವನ ಕೈಯಿಂದ ಕಾರ್ಡು ತೆಗೆದು ಇನ್ನೊಂದನ್ನು ಇಟ್ಟರು. ಅವನು ಅದನ್ನು ಕೆಳಗಿಟ್ಟು ಮೊದಲಿನದನ್ನೇ ಎತ್ತಿಕೊಂಡ.

"ಅಕ್ಕಾರು ಹೇಳೋದು ಖರೇ ಐತ್ರಿ. ಅಕ್ಕಿಕಾಳಿನ ಹೊತ್ತಿಗೆ ಇದು ನಿಂತು ಬಿಡ್ತೈತಿ" ಎಂದು ನಾನು ಗೋಡೌನು, ಬಾಗಿಲು ಎಲ್ಲ ಹೇಳಿದೆ. ಅವರ ಮಾತುಗಳನ್ನೇ ಹೇಳಿದೆ. ಅವರು ಆಡಿದಾಗ ಅವು ಅಡ್ಡ ನಿಲ್ಲುತ್ತಿದ್ದವು. ನಾನು ಆಡಿದಾಗ ಬರೀ ಸಲಹೆಯಾದವು.

"ನೀವು ಅಂಗ್ಡ್ಯಾವ್ರೇನ್ರಿ?" ಎಂದ ಅವನು. "ತುಟ್ಟಿದು ಮಾರಾಕ ಎಲ್ಲಾರೂ ಹಿಂಗ ಅಂತಾರ ಬಿಡ್ರಿ." ಹಣ ಇಟ್ಟು ಹೊರಟ.

ಇಂದಿರಕ್ಕ ಎದ್ದರು. ಮೇಜು ಹಿಡಿದುಕೊಂಡು ಬಾಗಿಲಿಗೆ ಹೋಗಿ, ಕರೆಯಲು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಜೋರಾಗಿ ತಟ್ಟಿದರು. ಹಣ್ಣಿನ ಗಾಡಿಯವರು ತಿರುಗಿದರು, ಎದುರಿನ ಮೊಬೈಲ್ ಅಂಗಡಿಯವನು ತಿರುಗಿದ, ಸೈಕಲ್ ಮೇಲಿದ್ದ ಮುದುಕ ಕಾಲು ಊರಿ ನಿಂತ. ಆ ಯುವಕ ತಿರುಗಲಿಲ್ಲ. ನಾನು ಓಡಿದೆ. ನಿಲ್ದಾಣ ತಲುಪುವಷ್ಟರಲ್ಲಿ ಐರಣಿಯ ಬಸ್ಸು ಹೊರಟಿತ್ತು.

ವಾಪಸು ಬಂದು "ಸಿಗಲಿಲ್ರಿ ಅಕ್ಕಾರ" ಎಂದೆ. ಅವರು ಇನ್ನೂ ಬಾಗಿಲಲ್ಲೇ ಇದ್ದರು, ಉಸಿರಿಗೆ ಬಟ್ಟೆ ಬೇಗ ಬೇಗ ಏಳುತ್ತಿತ್ತು. ನನ್ನ ಮುಖ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತ, ತಟ್ಟಿ ಕೆಂಪಾಗಿದ್ದ ಅಂಗೈಯನ್ನು ಸೀರೆಗೆ ಉಜ್ಜಿಕೊಳ್ಳುತ್ತಿದ್ದರು. ಮುಂದಿನ ಮದುವೆ ಸುಗ್ಗಿಗೆ ಅವರು ಇರಲಿಲ್ಲ.