ಸೀಬೆ ಕೊಂಬೆಗೆ ಸುತ್ತಿದ ತಗಡು

ಈ ಘಟನೆಯನ್ನು ಹೇಳಿದಾಗಲೆಲ್ಲ ನಾನು ಸ್ವಲ್ಪ ಸ್ವಲ್ಪ ಬೇರೆಯಾಗಿ ಹೇಳಿದ್ದೇನೆ. ಮೊದಲ ಭೇಟಿಗೂ ಎರಡನೆಯದಕ್ಕೂ ನಡುವೆ ನಾಲ್ಕು ದಿನವಿತ್ತೋ ಆರು ದಿನವಿತ್ತೋ ಖಚಿತವಿಲ್ಲ. ಪ್ರಾಣಿಯ ಉಗುರಿನಲ್ಲಿ ರಕ್ತವಿತ್ತೆಂಬುದು ಬಹಳ ಸ್ಪಷ್ಟವಾಗಿ ನೆನಪಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅದನ್ನು ನಂಬಲು ಹಿಂಜರಿಯುತ್ತೇನೆ. ತಪ್ಪು ಮಾಡಿದವನ ನೆನಪು ಇಲ್ಲದ್ದನ್ನೂ ಸೇರಿಸಿಕೊಳ್ಳುತ್ತದೆ. ಪಶು ಆಸ್ಪತ್ರೆಯ ಕೇಸ್ ರಿಜಿಸ್ಟರಿನಲ್ಲಿ ಏನೂ ಇಲ್ಲ, ಯಾಕೆಂದರೆ ನಾನೇ ಬರೆಯಲಿಲ್ಲ. ಅನುಮಾನವಿಲ್ಲದ್ದು ಒಂದೇ ಸಂಗತಿ: ತಗಡು ಸುತ್ತಿ ಎಂದು ಹೇಳಿದವನು ನಾನು.

ಕೋವಿಡ್ ಹಾವಳಿ ತಗ್ಗಿದ ಮರುವರ್ಷ. ನಾಗಮಂಗಲ ಮತ್ತು ಕೆ.ಆರ್.ಪೇಟೆ ಕಡೆಯ ಪಶು ಆಸ್ಪತ್ರೆಗಳಲ್ಲಿ ಬಹುಕಾಲ ಕೆಲಸ ಮಾಡಿ, ನಿವೃತ್ತಿಗೆ ಎರಡು ವರ್ಷವಿರುವಾಗ ಶ್ರೀರಂಗಪಟ್ಟಣ ತಾಲ್ಲೂಕಿಗೆ ಬಂದಿದ್ದೆ. ಪಾಂಡವಪುರದ ಮನೆಯಿಂದ ದಿನವೂ ಸ್ಕೂಟರಿನಲ್ಲಿ ಓಡಾಟ. ಕೆಲಸವೆಲ್ಲ ಹಸು, ಎಮ್ಮೆ, ಕುರಿಗಳದ್ದು: ಕೃತಕ ಗರ್ಭಧಾರಣೆ, ಕೆಚ್ಚಲು ಬಾವು, ಕಷ್ಟದ ಹೆರಿಗೆ. ಸರೀಸೃಪಗಳ ಬಗ್ಗೆ ಕಾಲೇಜಿನಲ್ಲಿ ಓದಿದ್ದು ಹಾವು ಕಚ್ಚಿದ ದನಕ್ಕೆ ಏನು ಮಾಡಬೇಕೆಂಬುದಷ್ಟೇ.

ದೀಪಾವಳಿ ಕಳೆದು ವಾರವಾಗಿತ್ತು. ಕಿರಂಗೂರಿನ ದೇವರಾಜು ಎಂಬಾತನ ಹಸುವಿಗೆ ಕೆಚ್ಚಲು ಬಾವು ಬಂದಿದೆಯೆಂದು ಹೋದೆ. ದೇವರಾಜು ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ದಿನಗೂಲಿಯ ಕಾವಲುಗಾರ. ಹೆಂಡತಿ ಭಾಗ್ಯ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನಾನು ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದಾಗ ಆಕೆ ಮೆಲ್ಲಗೆ, "ಡಾಕ್ಟ್ರೇ, ಒಳಗೊಬ್ಬ ಪೇಶೆಂಟ್ ಅವ್ನೆ. ಬೈಬ್ಯಾಡಿ ಮತ್ತೆ" ಎಂದಳು.

ಒಳಗೆ ಹೊಲಿಗೆ ಮೆಷಿನ್ನಿನ ಪಕ್ಕ ಸಿಮೆಂಟು ತುಂಬಿದ ಪೇಂಟ್ ಬಕೆಟ್ಟು, ಅದರಲ್ಲಿ ನೆಟ್ಟ ಸೀಬೆ ಕೊಂಬೆ. ಕೊಂಬೆಯ ಮೇಲೆ ಒಂದು ಊಸರವಳ್ಳಿ ಕೂತಿತ್ತು. ಆ ಕಡೆಯವರು ಅದನ್ನು ಗೋಸುಂಬೆ ಎನ್ನುತ್ತಾರೆ. ಶ್ರಾವಣದಲ್ಲಿ ಹುಲ್ಲಿನ ಹೊರೆಯೊಂದಿಗೆ ಬಂದದ್ದಂತೆ. ಮೊದಲು ಕೋಳಿ ಮುಚ್ಚುವ ಬುಟ್ಟಿಯೊಳಗೆ ಇಟ್ಟರು. ಅದು ಕಪ್ಪಾಗಿ ಬಾಯಿ ತೆರೆದುಕೊಂಡೇ ಇರತೊಡಗಿತು. ಬುಟ್ಟಿ ತೆಗೆದ ಮೇಲೆ ಹಸಿರಿಗೆ ಮರಳಿತು. ಅಂದಿನಿಂದ ಕೊಂಬೆಯಿಂದ ಪರದೆಯ ತಂತಿಗೆ, ತಂತಿಯಿಂದ ಕಿಟಕಿಯ ಸರಳಿಗೆ ಅದರ ಓಡಾಟ. ಹೆಸರು ಗುಂಡ. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಹೆದರಿ ಬಾಗಿಲಲ್ಲೇ ನಿಂತು ಕೈ ಚಾಚುತ್ತಿದ್ದರಂತೆ.

"ಮನೆ ಒಳಿಕ್ಕೆ ಗೋಸುಂಬೆ ತುಂಬ್ಕಂಡವ್ಳೆ ಕಣಪ್ಪ," ಎಂದಳು ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಸಾಕಮ್ಮ. "ನಾಳಿಕ್ ಮೊಸಳೆ ತತ್ತಾಳೆ. ಹೊಳೇನೂ ಹತ್ರಾನೇ ಅದಲ್ಲ."

"ಅತ್ತೆ, ನೀವ್ ಸುಮ್ಕಿರಿ. ಡಾಕ್ಟ್ರೇ, ಒಂದು ವಾರ ಆತು, ಮಿಡತೆ ಹಿಡ್ದು ಮೂತಿ ಮುಂದಿಟ್ರೂ ನಾಲ್ಗೆ ಚಾಚ್ತಿಲ್ಲ. ಬೆಳಗಿಂದ ಸಂಜೆ ಗಂಟ ಕೆಳಕ್ಕಿಳೀತದೆ. ಎತ್ತಿ ಎತ್ತಿ ಮೇಲಕ್ ಬುಡೋದೇ ಕೆಲ್ಸ ಆಗದೆ. ಬೆಕ್ಕು ಬತ್ತದೆ, ಅತ್ತೆಗೆ ಕಣ್ಣು ಮಂಜು. ತುಳಿದ್ಬುಟ್ರೆ?"

ವನ್ಯಜೀವಿ ಕಾಯ್ದೆಯ ಪ್ರಕಾರ ಇದನ್ನು ಮನೆಯಲ್ಲಿಡುವುದು ಅಪರಾಧವೆಂದು ಹೇಳಿದೆ. ದೇವರಾಜುವಿನ ಮುಖ ಬಿಳಿಚಿಕೊಂಡಿತು. "ಗೊತ್ತು ಸಾರ್. ಸುದ್ದಿ ಆಫೀಸ್ ಗಂಟ ಹೋದ್ರೆ ನಾಳೆಯಿಂದ ನನ್ ಕೆಲ್ಸ ಇಲ್ಲ. ಹುಸಾರಾಗ್ಲಿ, ಬೇಲಿ ಮ್ಯಾಲೆ ಬುಟ್ಬುಡ್ತೀನಿ" ಎಂದ. ನಾನು ಇಲಾಖೆಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ.

ಎರಡಡಿ ದೂರದಿಂದ ನೋಡಿದೆ. ಕಣ್ಣುಗುಡ್ಡೆ ಒಳಕ್ಕೆ ಹೋಗಿತ್ತು, ಅಂದರೆ ನೀರಿನ ಕೊರತೆ. ಬಟ್ಟಲಲ್ಲಿ ನೀರಿಟ್ಟಿದ್ದರು, ಆದರೆ ಊಸರವಳ್ಳಿ ಸಾಮಾನ್ಯವಾಗಿ ನಿಂತ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಕೊಂಬೆಗೆ ಹಸಿ ಸೊಪ್ಪು ಕಟ್ಟಿ, ದಿನಕ್ಕೆ ಮೂರು ಸಲ ಎಲೆಗಳ ಮೇಲೆ ನೀರು ಚಿಮುಕಿಸಲು ಹೇಳಿದೆ. ಅಷ್ಟು ಸರಿಯಿತ್ತು. ಅದು ಗಂಡೋ ಹೆಣ್ಣೋ ಎಂದು ನೋಡಲಿಲ್ಲ. ಹೊಟ್ಟೆ ಮುಟ್ಟಲಿಲ್ಲ. ಕೆಳಗಿಳಿಯುವ ಕಾಟಕ್ಕೆ ನನಗೆ ಹೊಳೆದದ್ದು ನಮ್ಮ ಊರುಗಳ ಉಪಾಯ. ಇಲಿ, ಅಳಿಲು ಹತ್ತದಿರಲೆಂದು ತೆಂಗಿನ ಮರಕ್ಕೆ ನುಣುಪಾದ ತಗಡು ಹೊಡೆಯುತ್ತೇವಲ್ಲ, ಹಾಗೆಯೇ ಕೊಂಬೆಯ ಬುಡಕ್ಕೆ ಒಂದು ತಗಡು ಸುತ್ತಿ, ಪರದೆಯನ್ನೂ ಮೇಲಕ್ಕೆ ಕಟ್ಟಿಬಿಡಿ ಎಂದೆ. ಹತ್ತದಂತೆ ತಡೆಯುವ ತಗಡು ಇಳಿಯದಂತೆಯೂ ತಡೆಯುತ್ತದೆ. ದೇವರಾಜು ನನ್ನೆದುರಿಗೇ ಎಣ್ಣೆ ಡಬ್ಬವೊಂದನ್ನು ಕತ್ತರಿಸಿದ. ನಾನು ಕಾಫಿ ಕುಡಿದು ಹೊರಟೆ.

ಭಾಗ್ಯಳ ಫೋನು ಬಂದದ್ದು ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ. "ಡಾಕ್ಟ್ರೇ, ಗುಂಡ ಕಣ್ ಬುಡ್ತಿಲ್ಲ. ಬಂದ್ಬುಡಿ." ಅವಳು ಅಳುತ್ತಿರಲಿಲ್ಲ, ಏದುಸಿರು ಬಿಡುತ್ತಿದ್ದಳು.

ಹೋದಾಗ ಅದು ತಗಡಿನ ಮೇಲಂಚಿನಲ್ಲಿ ತಲೆ ಕೆಳಗಾಗಿ ಜೋತುಬಿದ್ದಿತ್ತು. ಬಣ್ಣ ಇದ್ದಿಲಿನಂತೆ. ಮುಂಗಾಲಿನ ಉಗುರುಗಳು ಮುರಿದಿದ್ದವು. ಮೊದಲ ಬಾರಿಗೆ ಕೈಯಲ್ಲಿ ಹಿಡಿದೆ. ಕಚ್ಚಲು ಬಾಯಿ ತೆರೆಯುವಷ್ಟೂ ಶಕ್ತಿ ಇರಲಿಲ್ಲ. ಹೊಟ್ಟೆಯ ಮೇಲೆ ಬೆರಳಾಡಿಸಿದರೆ ಚೀಲದಲ್ಲಿ ಅವರೆಕಾಳು ತುಂಬಿದ ಹಾಗೆ ಗುಂಡುಗುಂಡಾಗಿ ಸಿಕ್ಕಿತು. ನಾನು ಏನನ್ನೂ ಹೇಳುವ ಮೊದಲೇ ಸಾಕಮ್ಮ ಕೇಳಿದಳು.

"ಬಸ್ರಿ ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಈಯೋಕ್ ಮುಂಚೆ ಹಸ ಕೂರ್ತದೆ, ಏಳ್ತದೆ, ನೆಲ ಕೆರೀತದೆ. ಇದೂ ಅಂಗೇ ಮಾಡ್ತಿತ್ತು. ನಂಗೆ ಕಣ್ಣು ಮಂಜು, ತೆಪ್ಪಗಿದ್ದೆ. ನೀನು ಹಸ ನೋಡೋ ಡಾಕ್ಟ್ರಲ್ವೇನಪ್ಪ?"

ಮೂವತ್ತು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ಮೆತ್ತಗೆ ಬೈದಿರಲಿಲ್ಲ.

ಮೈಸೂರಿನಲ್ಲಿ ವನ್ಯಪ್ರಾಣಿಗಳ ವೈದ್ಯನಾಗಿದ್ದ ನನ್ನ ಸಹಪಾಠಿಗೆ ಅಂಗಳದಿಂದಲೇ ಫೋನು ಮಾಡಿದೆ. ನನ್ನ ಚೀಲದಲ್ಲಿ ಆಕ್ಸಿಟೋಸಿನ್ ಇತ್ತು, ಹಸುಗಳಿಗೆ ಗರ್ಭಕೋಶ ಹಿಂಡಿಸಲು ಕೊಡುವ ಔಷಧ. ಅದನ್ನು ಕೊಡಲೇ ಎಂದೆ. "ಈ ಸ್ಥಿತೀಲಿ ಕೊಟ್ರೆ ಕೊಂದಂಗೆ. ಅದು ಮಣ್ಣಲ್ಲಿ ಗುಂಡಿ ತೋಡಿ ಮೊಟ್ಟೆ ಇಡೋ ಪ್ರಾಣಿ ಕಣಯ್ಯ. ಮಣ್ಣು ಸಿಗ್ದೆ ತಡ್ಕೊಂಡಿದೆ. ನೀರು, ಕ್ಯಾಲ್ಸಿಯಂ, ಮಣ್ಣು. ಆಗ್ಲಿಲ್ಲ ಅಂದ್ರೆ ಆಪರೇಷನ್ನೇ. ಆಗ ಇಲ್ಲಿಗೇ ತರ್ಬೇಕು, ಇಲಾಖೆಗೆ ಹೇಳೇ ತರ್ಬೇಕು" ಎಂದ. ಸ್ವಲ್ಪ ತಡೆದು, "ಎಷ್ಟು ದಿನದಿಂದ ಕೆಳಗಿಳೀತಿತ್ತು?" ಎಂದು ಕೇಳಿದ. ನಾನು ಗೊತ್ತಿಲ್ಲವೆಂದು ಸುಳ್ಳು ಹೇಳಿದೆ.

ಇಲಾಖೆಗೆ ಹೇಳಬೇಕಾದೀತೆಂದು ತಿಳಿಸಿದಾಗ ದೇವರಾಜು ಗೋಡೆಗೆ ಒರಗಿ ಕೂತುಬಿಟ್ಟ. "ಎಂಟು ವರ್ಷ ದಿನಗೂಲಿ ಸಾರ್. ಖಾಯಂ ಮಾಡ್ತೀವಿ ಅಂತಾವ್ರೆ ಈಗ."

"ನಾನ್ ಬರ್ಸಿ ಕೊಡ್ತೀನಿ, ತಂದೋಳೂ ನಾನು ಸಾಕ್ದೋಳೂ ನಾನು ಅಂತ. ಇವ್ರಿಗೆ ಗೊತ್ತೇ ಇರ್ನಿಲ್ಲ ಅಂತ," ಎಂದಳು ಭಾಗ್ಯ.

"ಒಂದೇ ರೂಮಿನ ಮನೇಲಿ ಗೊತ್ತಿರ್ನಿಲ್ಲ ಅಂದ್ರೆ ಯಾರಮ್ಮಿ ನಂಬ್ತಾರೆ?"

"ಇಬ್ರೂ ಬಾಯ್ ಮುಚ್ಚಿ," ಎಂದಳು ಸಾಕಮ್ಮ. "ಏ ದೇವ್ರಾಜಾ, ಮೊದ್ಲು ಮಣ್ಣು ತಕಬಾ, ಹೋಗ್ಲಾ."

ಇನ್ಸುಲಿನ್ ಸಿರಿಂಜಿನಲ್ಲಿ ಕ್ಯಾಲ್ಸಿಯಂ ಕೊಟ್ಟೆ. ಹನಿ ಹನಿಯಾಗಿ ನೀರು ಬಿಟ್ಟೆ. ಮೊದಲೆರಡು ಬಾಯಿಯ ಪಕ್ಕದಿಂದ ಜಾರಿದವು, ಮೂರನೆಯದನ್ನು ನುಂಗಿತು. ಇನ್ನೊಂದು ಬಕೆಟ್ಟಿಗೆ ತೇವದ ಮಣ್ಣು ತುಂಬಿ ಅದರ ಮೇಲೆ ಬಿಟ್ಟೆವು. ಅರ್ಧ ಗಂಟೆ ಕಳೆಯಿತು. ಅಲ್ಲಾಡಲಿಲ್ಲ. ನಾವು ನಾಲ್ವರೂ ಬಗ್ಗಿ ನೋಡುತ್ತಿದ್ದೆವು. ಹೆರುವ ಹಸುವಿನ ಸುತ್ತ ಗುಂಪುಗೂಡಬೇಡಿ ಎಂದು ಊರೂರಲ್ಲಿ ಜನರನ್ನು ಗದರಿಸುತ್ತಿದ್ದವನು ನಾನು.

ಮೂರು ಗಂಟೆಯ ಹೊತ್ತಿಗೆ ಅದನ್ನು ಟವೆಲ್ಲಿನಲ್ಲಿ ಎತ್ತಿಕೊಂಡು ಹಿತ್ತಲ ಕಾಲುವೆಯ ಏರಿಗೆ ಹೋದೆವು. ಅಲ್ಲೊಂದು ಹೊಂಗೆ ಮರ, ಬುಡದಲ್ಲಿ ಮೆದುವಾದ ಮಣ್ಣು. ನೆಲಕ್ಕೆ ಬಿಟ್ಟು ಮೂರು ಮಾರು ಹಿಂದೆ ಬಂದು ಕೂತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಬದುಕುವುದಿಲ್ಲ ಎಂದೇ ನಾನು ಲೆಕ್ಕ ಹಾಕಿದ್ದೆ. ಬಂದರೆ ಸಂಜೆಯೊಳಗೆ ಮೈಸೂರಿಗೆ ಬಾ ಎಂದು ಸಹಪಾಠಿ ಎರಡು ಸಲ ಫೋನು ಮಾಡಿದ. ಎರಡನೆಯ ಫೋನಿಗೆ, "ಆಯ್ತು ಸಾರ್, ಹೊರಡವಾ. ಆಫೀಸಿಗೆ ನಾನೇ ಹೇಳ್ತೀನಿ" ಎಂದು ದೇವರಾಜು ತಾನಾಗಿಯೇ ಎದ್ದು ನಿಂತ. ಭಾಗ್ಯ ಅವನ ಪಂಚೆ ಹಿಡಿದು ಜಗ್ಗಿ ಕೂರಿಸಿದಳು. "ತಡೀರಿ. ಕಾಲು ನೋಡಿ."

ಮುಂಗಾಲು ಒಮ್ಮೆ ಮಣ್ಣು ಎಳೆಯಿತು. ನಿಂತಿತು. ಮತ್ತೊಮ್ಮೆ ಎಳೆಯಿತು. ಮುರಿದ ಉಗುರುಗಳಿಂದ ಅದು ತೋಡುವುದನ್ನು ನೋಡುತ್ತಾ ನಾವು ಕತ್ತಲಾಗುವವರೆಗೆ ಕೂತಿದ್ದೆವು. ಹೊರಡುವಾಗ ಅದರ ತಲೆ ಮಾತ್ರ ಗುಂಡಿಯೊಳಗಿತ್ತು.

ಮರುದಿನ ಬೆಳಿಗ್ಗೆ ಅಲ್ಲಿ ಊಸರವಳ್ಳಿ ಇರಲಿಲ್ಲ. ಮುಂದಿನದರ ಬಗ್ಗೆ ಮೂವರ ಮಾತೂ ಬೇರೆ. ಗುಂಡಿ ಮುಚ್ಚಿತ್ತು, ಗುಂಡ ಹೊಂಗೆ ಮರದ ತುದಿಯಲ್ಲಿ ಹಸಿರಾಗಿ ಕೂತಿತ್ತು ಎನ್ನುತ್ತಾಳೆ ಭಾಗ್ಯ; ಹೆಣ್ಣೆಂದು ತಿಳಿದ ಮೇಲೂ ಅವಳಿಗದು ಗುಂಡನೇ. ಗುಂಡಿ ತೆರೆದೇ ಇತ್ತು, ಹಸು ಕಾಲಿಟ್ಟೀತೆಂದು ತಾನೇ ಮುಚ್ಚಿದ್ದಾಗಿ ಹೇಳುತ್ತಾನೆ ದೇವರಾಜು. ಬೆಳಗಿನ ಜಾವ ಗರುಡ ಕೂಗಿದ್ದು ಕೇಳಿಸಿತು, ಎತ್ತಿಕೊಂಡು ಹೋಗಿರಬೇಕು ಎಂಬುದು ಸಾಕಮ್ಮನ ಮಾತು. ನಾನು ಕೆಲವರಿಗೆ ಭಾಗ್ಯಳ ಕಥೆಯನ್ನು ಹೇಳಿದ್ದೇನೆ, ನಿದ್ದೆ ಬಾರದ ದಿನಗಳಲ್ಲಿ ನನಗೆ ನಾನೇ ಸಾಕಮ್ಮನದನ್ನು.

ಈ ಕೆಲಸ ನನಗೆ ತಡವಾಗಿ ಕಲಿಸಿದ್ದು ಇಷ್ಟು: ನಾವು ಕಾಟವೆಂದು ತಡೆಯುವುದು ಕೆಲವೊಮ್ಮೆ ಪ್ರಾಣಿ ತನಗೆ ತಾನೇ ಕಂಡುಕೊಂಡ ಚಿಕಿತ್ಸೆ. ತಡೆಯುವ ಮುನ್ನ ಅದು ಎಲ್ಲಿಗೆ ಹೊರಟಿದೆ ಎಂದು ಕೇಳಬೇಕು. ಈಗ ಯಾವ ಕೊಟ್ಟಿಗೆಗೆ ಹೋದರೂ ಹಗ್ಗ ಬಿಚ್ಚಿಸಿ, ದನ ಯಾವ ಕಡೆ ನಡೆಯುತ್ತದೆಂದು ಮೊದಲು ನೋಡುತ್ತೇನೆ.

ಮುಂದಿನ ಮಳೆಗಾಲದ ಕೊನೆಯಲ್ಲಿ, ಏನೂ ಸಿಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲೆಂದೇ ಹೊಂಗೆ ಮರದ ಬುಡವನ್ನು ಕೈಯಿಂದ ಬಗೆದೆ. ಒಂದು ಗೇಣು ಕೆಳಗೆ, ತೊಗಲಿನಂಥ ಹತ್ತೊಂಬತ್ತು ಮೊಟ್ಟೆ ಸಿಪ್ಪೆಗಳಿದ್ದವು. ಐದು ಒಡೆಯದೆ ಹಾಗೇ ಒಣಗಿ ಸುಕ್ಕಾಗಿದ್ದವು. ಉಳಿದ ಹದಿನಾಲ್ಕನ್ನು ಇರುವೆಯೋ ಇಲಿಯೋ ಹರಿದಿರಬಹುದೆಂದು ಅನುಮಾನಪಟ್ಟು, ಎಲ್ಲವನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಮೈಸೂರಿಗೆ ಹೋದೆ. ನನ್ನ ಸಹಪಾಠಿ ಒಂದೊಂದನ್ನೂ ಮಸೂರದ ಕೆಳಗಿಟ್ಟು ನೋಡಿದ. ಆಮೇಲೆ ನಾನೂ ನೋಡಿದೆ. ಆ ಹದಿನಾಲ್ಕೂ ಸಿಪ್ಪೆಗಳು ಒಂದೇ ತುದಿಯಲ್ಲಿ, ಮರಿಗಳು ಒಡೆದು ಹೊರಬರುವ ಹಾಗೆ, ಒಳಗಿನಿಂದ ಸೀಳಿದ್ದವು.